ಇಪ್ಪತ್ನಾಲ್ಕು ವೋಲ್ಟಿನ ಲಾರಿ, ಐದು ವೋಲ್ಟಿನ ದಾರಿ

ಹುಬ್ಬಳ್ಳಿಯಲ್ಲಿ ಲೋಡ್ ಮಾಡಿಕೊಂಡು ಅರಬೈಲು ಘಟ್ಟ ಇಳಿದು ಕರಾವಳಿಗೆ ಹೋಗುವ ಯಾವುದಾದರೂ ದೊಡ್ಡ ಲಾರಿಯ ಕ್ಯಾಬಿನ್ ಹತ್ತಿ ನೋಡಿ. ಡ್ಯಾಶ್‌ಬೋರ್ಡಿನ ಮೇಲೆ ದೇವರ ಪಟ, ಅದರ ಮುಂದೆ ಊದುಬತ್ತಿಯ ಬೂದಿ, ಪಕ್ಕದಲ್ಲಿ ಗಾಜಿಗೆ ಕಚ್ಚಿಸಿದ ಸ್ಟ್ಯಾಂಡಿನಲ್ಲಿ ಒಂದು ಫೋನು. ಆ ಫೋನಿನಿಂದ ಇಳಿದ ವೈರು ಎಲ್ಲಿಗೆ ಹೋಗುತ್ತದೆ ಎಂದು ಬೆನ್ನು ಹತ್ತಿದರೆ ಕೆಲವು ಲಾರಿಗಳಲ್ಲಿ ಅಚ್ಚುಕಟ್ಟಾದ ಸಾಕೆಟ್ ಸಿಗುತ್ತದೆ. ಇನ್ನು ಎಷ್ಟೋ ಲಾರಿಗಳಲ್ಲಿ ಆ ವೈರು ಡ್ಯಾಶ್‌ಬೋರ್ಡಿನ ಸಂದಿಯೊಳಗೆ ಮಾಯವಾಗಿ, ಫ್ಯಾನಿನ ವೈರಿಗೋ ಟೇಪ್‌ರೆಕಾರ್ಡರಿನ ವೈರಿಗೋ ಸುತ್ತಿ ಟೇಪು ಹಚ್ಚಿದ ಗಂಟಿನಲ್ಲಿ ಕೊನೆಯಾಗುತ್ತದೆ. ಈ ಬರಹ ಆ ಗಂಟಿನ ಬಗ್ಗೆ.

ಲಾರಿಯಲ್ಲಿ ಫೋನು ಈಗ ಶೋಕಿಯ ಸಾಮಾನಲ್ಲ. 2018ರ ಏಪ್ರಿಲ್ 1ರಂದು ಅಂತರರಾಜ್ಯ ಸರಕು ಸಾಗಣೆಗೆ ಇ-ವೇ ಬಿಲ್ ಕಡ್ಡಾಯವಾಯಿತು. ರಾಜ್ಯದೊಳಗಿನ ಸಾಗಣೆಗೂ ಅದೇ ದಿನದಿಂದ ಅದನ್ನು ಜಾರಿಗೆ ತಂದದ್ದು ಕರ್ನಾಟಕ. ಆ ಬಿಲ್ಲಿನ ನಂಬರು ಫೋನಿಗೇ ಬರುತ್ತದೆ. ಆರ್‌ಸಿ, ಲೈಸೆನ್ಸ್, ಇನ್ಶೂರೆನ್ಸ್ ಡಿಜಿಲಾಕರಿನಲ್ಲಿ ಇರುತ್ತವೆ. ಟೋಲಿನ ಫಾಸ್ಟ್‌ಟ್ಯಾಗ್ ಖಾಲಿಯಾದರೆ ರೀಚಾರ್ಜ್ ಮಾಡುವುದೂ ಫೋನಿನಿಂದಲೇ. ಇಳಿಸುವ ಗೋಡೌನು ಯಾವ ಗಲ್ಲಿಯಲ್ಲಿದೆ ಎಂಬುದನ್ನು ಪಾರ್ಟಿಯವರು ಬಾಯಲ್ಲಿ ಹೇಳುವುದು ಕಡಿಮೆಯಾಗಿದೆ, ಲೊಕೇಶನ್ ಕಳಿಸಿಬಿಡುತ್ತಾರೆ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ನಿಯಮದ ತಿದ್ದುಪಡಿಯೂ, ಚಾಲಕನ ಗಮನ ಕೆಡದಂತೆ ದಾರಿ ತಿಳಿಯುವುದಕ್ಕೆ ಮಾತ್ರ ಫೋನನ್ನು ಬಳಸಬಹುದು ಎಂದು ಒಪ್ಪಿಕೊಂಡಿದೆ. ಕಾನೂನೇ ಒಪ್ಪಿದ ಉಪಕರಣಕ್ಕೆ ಕರೆಂಟು ಮಾತ್ರ ಇನ್ನೂ ಕದ್ದು ತಂದಂತೆ ಬರುತ್ತಿದೆ.

ಯುರೋಪಿನಲ್ಲಿ, ಅಮೆರಿಕದಲ್ಲಿ ಲಾರಿಗೆಂದೇ ಮಾಡಿದ ಜಿಪಿಎಸ್ ಸಾಧನಗಳನ್ನು ಇಂದಿಗೂ ಬಳಸುತ್ತಾರೆ. ವಾಹನದ ಎತ್ತರ, ಉದ್ದ, ತೂಕ ತುಂಬಿದರೆ ತಗ್ಗಿನ ಸೇತುವೆ ತಪ್ಪಿಸಿ ದಾರಿ ಹೇಳುವ ಗುಣ ಅವುಗಳಿಗಿದೆ. ನಮ್ಮಲ್ಲಿ ಆ ಜಾಗವನ್ನು ಫೋನು ಹಿಡಿದುಕೊಂಡಿದೆ. ಎರಡಕ್ಕೂ ಬೇಕಾದ್ದು ಹೆಚ್ಚೂಕಡಿಮೆ ಒಂದೇ: ಯುಎಸ್‌ಬಿ ಬಾಯಿಗೆ 5 ವೋಲ್ಟ್.

ಲಾರಿ ಕೊಡುವುದು 24 ವೋಲ್ಟ್. ಟಾಟಾ ಏಸ್‌ನಂಥ ಸಣ್ಣ ವಾಹನಗಳಲ್ಲಿ ಕಾರಿನ ಹಾಗೆ 12 ವೋಲ್ಟಿನ ಒಂದೇ ಬ್ಯಾಟರಿ. ದೊಡ್ಡ ಲಾರಿಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಒಂದರ ಬೆನ್ನಿಗೆ ಒಂದು ಜೋಡಿಸಿ 24 ಮಾಡಿಕೊಂಡಿರುತ್ತಾರೆ. ಇದಕ್ಕೆ ಕಾರಣ ಸೆಲ್ಫ್ ಮೋಟಾರು. ದೊಡ್ಡ ಡೀಸೆಲ್ ಎಂಜಿನನ್ನು ತಿರುಗಿಸಲು 4 ಕಿಲೋವ್ಯಾಟ್ ಬೇಕು ಎಂದಿಟ್ಟುಕೊಳ್ಳಿ. 12 ವೋಲ್ಟಿನಲ್ಲಿ ಅದಕ್ಕೆ 330ಕ್ಕೂ ಹೆಚ್ಚು ಆಂಪಿಯರ್ ಹರಿಯಬೇಕು, 24 ವೋಲ್ಟಿನಲ್ಲಿ ಅದರರ್ಧ ಸಾಕು. ಕರೆಂಟು ಅರ್ಧವಾದರೆ ಅದೇ ಕೇಬಲ್ಲಿನಲ್ಲಿ ಬಿಸಿಯಾಗಿ ಪೋಲಾಗುವ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಅಮೆರಿಕದ ದೊಡ್ಡ ಟ್ರಕ್ಕುಗಳು ಹಲವು ಬ್ಯಾಟರಿಗಳನ್ನು ಪಕ್ಕಪಕ್ಕ ಜೋಡಿಸಿ 12 ವೋಲ್ಟಿನಲ್ಲೇ ಉಳಿದವು. ಯುರೋಪಿನ ಹಾದಿ ಹಿಡಿದ ನಾವು 24ಕ್ಕೆ ಬಂದೆವು.

ಹೆಸರಿಗೆ 24. ಎಂಜಿನ್ ಓಡುವಾಗ ಅಳೆದರೆ 28 ವೋಲ್ಟ್ ಆಸುಪಾಸು ಇರುತ್ತದೆ, ಯಾಕೆಂದರೆ ಬ್ಯಾಟರಿಗೆ ಚಾರ್ಜ್ ತುಂಬಬೇಕಾದರೆ ಡೈನಮೋ ಅದಕ್ಕಿಂತ ಹೆಚ್ಚಿನ ವೋಲ್ಟೇಜ್ ಕೊಡಲೇಬೇಕು. (ಈಗಿನ ಲಾರಿಯಲ್ಲಿರುವುದು ಆಲ್ಟರ್ನೇಟರ್. ಗ್ಯಾರೇಜಿನ ಬಾಯಲ್ಲಿ ಅದು ಇಂದಿಗೂ ಡೈನಮೋ, ನಾನೂ ಹಾಗೇ ಕರೆಯುತ್ತೇನೆ.) ಸೆಲ್ಫ್ ಹೊಡೆದ ಕ್ಷಣ ಅದೇ ವೋಲ್ಟೇಜ್ 18ರ ಹತ್ತಿರಕ್ಕೂ ಕುಸಿಯಬಹುದು, ಚಳಿಯಲ್ಲಿ, ಹಳೆಯ ಬ್ಯಾಟರಿಯಲ್ಲಿ ಇನ್ನೂ ಕೆಳಕ್ಕೆ. ಫೋನಿನ ಚಾರ್ಜರ್ ಈ ಏರಿಳಿತವನ್ನೆಲ್ಲ ನುಂಗಿಕೊಂಡು ಅಲುಗಾಡದ 5 ವೋಲ್ಟ್ ಕೊಡುತ್ತಿರಬೇಕು.

ಶಕ್ತಿಯ ಲೆಕ್ಕಕ್ಕೆ ಬಂದರೆ ಇದು ಏನೇನೂ ಅಲ್ಲ. ನಕ್ಷೆ ತೆರೆದು, ಪರದೆ ಬೆಳಗಿಸಿ, ಜೊತೆಗೆ ಬ್ಯಾಟರಿಯನ್ನೂ ತುಂಬಿಕೊಳ್ಳುವ ಫೋನು 10 ವ್ಯಾಟ್ ತೆಗೆದುಕೊಂಡಿತು ಅನ್ನಿ, 24 ವೋಲ್ಟಿನ ಕಡೆಯಿಂದ ಅದು ಅರ್ಧ ಆಂಪಿಯರ್ ಮಾತ್ರ. ಹೆಡ್‌ಲೈಟಿನ ಒಂದು ಬಲ್ಬು 70 ವ್ಯಾಟ್ ತಿನ್ನುತ್ತದೆ. 5000 ಎಂಎಎಚ್‌ನ ಫೋನನ್ನು ಖಾಲಿಯಿಂದ ಪೂರ್ತಿ ತುಂಬಿಸಿದರೂ 100 ಆಂಪಿಯರ್-ಅವರಿನ ಜೋಡಿ ಬ್ಯಾಟರಿಯ ನೂರರಲ್ಲಿ ಒಂದು ಪಾಲು ಹೋಗುತ್ತದೆ, ಅಷ್ಟೆ. ಹಾಗಾಗಿ "ಫೋನ್ ಚಾರ್ಜಿಗೆ ಹಾಕಿ ಹಾಕಿ ಬ್ಯಾಟ್ರಿ ಕೂತೋಯ್ತು" ಎಂದು ಡ್ರೈವರನ್ನು ಬೈಯುವ ಮಾಲೀಕರು ತಪ್ಪು ಕಡೆ ನೋಡುತ್ತಿದ್ದಾರೆ. ಬ್ಯಾಟರಿ ಕೂರುವುದು ಫೋನು ಎಷ್ಟು ತೆಗೆದುಕೊಂಡಿತು ಎಂಬುದರಿಂದಲ್ಲ, ಎಲ್ಲಿಂದ ತೆಗೆದುಕೊಂಡಿತು ಎಂಬುದರಿಂದ.

ಕಾರಿನ ಸ್ಟೀರಿಯೋ, ಕಾರಿನ ಫ್ಯಾನು, ಕಾರಿನ ಚಾರ್ಜರು ಎಲ್ಲವೂ 12 ವೋಲ್ಟಿನವು, ಎಲ್ಲ ಅಂಗಡಿಯಲ್ಲೂ ಸಿಗುತ್ತವೆ, ಅಗ್ಗ. ಲಾರಿಯಲ್ಲಿ ಹೇಗೂ 12 ವೋಲ್ಟಿನ ಎರಡು ಬ್ಯಾಟರಿಗಳಿವೆ. "ಅಣ್ಣಾ, ಒಂದ್ ಬ್ಯಾಟ್ರಿಯಿಂದ ಎಳ್ದು ಕೊಟ್ಬಿಡ್ತೀನಿ, ಏನೂ ಆಗಲ್ಲ" ಎನ್ನುತ್ತಾನೆ ವೈರಿಂಗ್ ಹುಡುಗ. ಎರಡೂ ಬ್ಯಾಟರಿ ಸೇರುವ ನಡುವಿನ ಪಟ್ಟಿಗೆ ಒಂದು ವೈರು, ಬಾಡಿ ಅರ್ಥ್‌ಗೆ ಇನ್ನೊಂದು. ಹತ್ತು ನಿಮಿಷದ ಕೆಲಸ. ಫೋನು ಚಾರ್ಜ್ ಆಗುತ್ತದೆ, ಹಾಡು ಬರುತ್ತದೆ, ಅವತ್ತು ನಿಜಕ್ಕೂ ಏನೂ ಆಗುವುದಿಲ್ಲ.

ಆಗುವುದು ನಿಧಾನಕ್ಕೆ. ಆ ಎರಡು ಬ್ಯಾಟರಿಗಳು ಒಂದೇ ನೊಗಕ್ಕೆ ಕಟ್ಟಿದ ಜೋಡಿ ಎತ್ತು. ಡೈನಮೋ ಅವುಗಳ ಒಟ್ಟು ವೋಲ್ಟೇಜನ್ನು ಮಾತ್ರ ನೋಡುತ್ತದೆ. 28 ಇದೆಯೋ, ಸರಿ. ಅದರೊಳಗೆ ಯಾವುದು ಎಷ್ಟು ಎಂಬುದು ಅದಕ್ಕೆ ಗೊತ್ತೇ ಆಗುವುದಿಲ್ಲ. ಈಗ ಕೆಳಗಿನ, ಅಂದರೆ ಅರ್ಥ್ ಕಡೆಯ ಬ್ಯಾಟರಿಯಿಂದ ಫ್ಯಾನು, ಸ್ಟೀರಿಯೋ, ಫೋನು ಸೇರಿ 3 ಆಂಪಿಯರ್ ಎಳೆಯುತ್ತಿವೆ ಎಂದುಕೊಳ್ಳಿ. ಮೇಲಿನ ಬ್ಯಾಟರಿ ತುಂಬುತ್ತ ಬಂದು 1 ಆಂಪಿಯರ್ ಮಾತ್ರ ತೆಗೆದುಕೊಳ್ಳುವ ಸ್ಥಿತಿಗೆ ಬಂದಾಗ ನಡುವಿನ ಪಟ್ಟಿಗೆ ಇಳಿದು ಬರುವುದು ಆ 1 ಆಂಪಿಯರ್ ಮಾತ್ರ. ಉಳಿದ 2 ಆಂಪಿಯರನ್ನು ಕೊಡುವುದು ಕೆಳಗಿನ ಬ್ಯಾಟರಿಯೇ. ಅಂದರೆ ಎಂಜಿನ್ ಓಡುತ್ತಿದೆ, ಡೈನಮೋ ತಿರುಗುತ್ತಿದೆ, ಮೀಟರಿನಲ್ಲಿ 28 ತೋರಿಸುತ್ತಿದೆ, ಹಾಗಿದ್ದೂ ಒಂದು ಬ್ಯಾಟರಿ ಖಾಲಿಯಾಗುತ್ತಿದೆ. ಮೊದಲ ಸಲ ಈ ಲೆಕ್ಕ ಹಾಕಿದಾಗ ನನಗೆ ನಂಬಲು ಕಷ್ಟವಾಗಿತ್ತು. ಆದರೆ ಕರೆಂಟಿಗೆ ಬೇರೆ ದಾರಿಯೇ ಇಲ್ಲ.

ಕೆಳಗಿನದು 12.5ಕ್ಕೆ ಇಳಿದರೆ ಒಟ್ಟು 28 ಆಗಲು ಮೇಲಿನದು 15.5ಕ್ಕೆ ಏರಬೇಕು. ಅಷ್ಟು ವೋಲ್ಟೇಜಿಗೆ ಸಿಕ್ಕ ಲೆಡ್ ಆಸಿಡ್ ಬ್ಯಾಟರಿ ಕುದಿಯತೊಡಗುತ್ತದೆ, ಅದರ ನೀರು ಹೈಡ್ರೋಜನ್ ಮತ್ತು ಆಕ್ಸಿಜನ್ ಆಗಿ ಒಡೆದು ಹೋಗುತ್ತದೆ, ಪ್ಲೇಟುಗಳು ಸವೆಯುತ್ತವೆ. ಕೆಳಗಿನದು ಅರ್ಧ ಹೊಟ್ಟೆಯಲ್ಲೇ ದಿನ ದೂಡುತ್ತದೆ. ಅದರ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟು ಗಟ್ಟಿ ಹರಳುಗಟ್ಟಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಅದು ಕರಗುವುದಿಲ್ಲ. ಹೀಗೆ ಒಂದು ಹೆಚ್ಚಾಗಿ ಸಾಯುತ್ತದೆ, ಇನ್ನೊಂದು ಕಡಿಮೆಯಾಗಿ. ಯಾವುದೋ ಬೆಳಗಿನ ಜಾವ ಸೆಲ್ಫ್ ಎತ್ತುವುದಿಲ್ಲ. ಅಲ್ಲಿಗೆ ಬಂದವರು ಒಂದು ಬ್ಯಾಟರಿ ಮಾತ್ರ ಕೆಟ್ಟಿದೆ ಎಂದು ಅದೊಂದನ್ನೇ ಬದಲಿಸುತ್ತಾರೆ. ಹೊಸದಕ್ಕೂ ಹಳೆಯದಕ್ಕೂ ಜೋಡಿ ಕೂಡುವುದಿಲ್ಲ, ನಡುವಿನ ವೈರು ಅಲ್ಲೇ ಇರುತ್ತದೆ, ಕಥೆ ಮತ್ತೆ ಶುರು. ಒಂದು ಬ್ಯಾಟರಿಯ ನೀರು ಮಾತ್ರ ಬೇಗ ಬೇಗ ಇಂಗುತ್ತಿದೆ ಎಂದು ಕ್ಲೀನರ್ ಹೇಳಿದರೆ ಅದನ್ನು ಕಿವಿಗೆ ಹಾಕಿಕೊಳ್ಳಬೇಕು. ಈ ರೋಗದ ಮೊದಲ ಲಕ್ಷಣ ಅದೇ.

ಇದಕ್ಕೆ ಮದ್ದು ಸರಳ. ಎರಡೂ ಬ್ಯಾಟರಿಗಳ ಪೂರ್ತಿ 24 ವೋಲ್ಟಿನಿಂದಲೇ ತೆಗೆದುಕೊಳ್ಳಬೇಕು, ನಡುವಿಗೆ ಕೈ ಹಾಕಬಾರದು. ಸ್ಟೀರಿಯೋ, ಫ್ಯಾನುಗಳಿಗೆ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಸಿಗುತ್ತದೆ. ಫೋನಿಗೆ ನೇರವಾಗಿ 24ರಿಂದ 5ಕ್ಕೆ ಇಳಿಸುವ ಚಾರ್ಜರ್ ಸಾಕು. ಈಗಾಗಲೇ ನಡುವಿನಿಂದ ವೈರು ಎಳೆದಿದ್ದು ಬಿಚ್ಚಲಾಗದ ಸ್ಥಿತಿಯಿದ್ದರೆ ಎರಡೂ ಬ್ಯಾಟರಿಗಳನ್ನು ಸರಿದೂಗಿಸುವ ಬ್ಯಾಲೆನ್ಸರ್ ಹಾಕಬಹುದು. ಆದರೆ ನನ್ನ ಕೇಳಿದರೆ ಬಿಚ್ಚಿಸುವುದೇ ಒಳ್ಳೆಯದು.

ವೋಲ್ಟೇಜನ್ನು ಇಳಿಸುವುದರಲ್ಲಿ ಎರಡು ವಿಧ. ಹಳೆಯ ವಿಧದ ರೆಗ್ಯುಲೇಟರ್ ಹೆಚ್ಚುವರಿ ವೋಲ್ಟೇಜನ್ನೆಲ್ಲ ಸುಟ್ಟು ಬಿಸಿ ಮಾಡಿ ಕಳೆಯುತ್ತದೆ. 28ರಿಂದ 5ಕ್ಕೆ, 1 ಆಂಪಿಯರ್ ಕೊಡಬೇಕಾದರೆ ಫೋನಿಗೆ 5 ವ್ಯಾಟ್ ಹೋಗಿ 23 ವ್ಯಾಟ್ ಬೆಂಕಿಯಾಗುತ್ತದೆ. ಇದು ಲಾರಿಗೆ ಒಗ್ಗುವುದಿಲ್ಲ. ಇಂದಿನ ಚಾರ್ಜರುಗಳು ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರದಿಂದ ಲಕ್ಷಾಂತರ ಸಲ ಕತ್ತರಿಸಿ, ಸುರುಳಿ ಮತ್ತು ಕೆಪಾಸಿಟರಿನಲ್ಲಿ ಹದ ಮಾಡಿ ಕೊಡುತ್ತವೆ. ನಷ್ಟ ಕಡಿಮೆ, ಬಿಸಿ ಕಡಿಮೆ. ಅಪಾಯ ಒಂದಿದೆ: ಕತ್ತರಿಸುವ ಆ ಚಿಪ್ಪು ಸುಟ್ಟು ಶಾರ್ಟ್ ಆದರೆ ನಡುವೆ ತಡೆಯಲು ಏನೂ ಉಳಿಯದೆ 28 ವೋಲ್ಟ್ ನೇರ ಫೋನಿಗೆ ನುಗ್ಗಬಹುದು. ಕಾರಿಗೆಂದು ಮಾಡಿದ ಅಗ್ಗದ ಚಾರ್ಜರಿನೊಳಗೆ 25 ವೋಲ್ಟ್ ತಾಳುವ ಕೆಪಾಸಿಟರ್ ಇದ್ದರೆ ಕಾರಿನ 14 ವೋಲ್ಟಿನಲ್ಲಿ ಅದು ನೆಮ್ಮದಿಯಾಗಿರುತ್ತದೆ. ಲಾರಿಯ 28ಕ್ಕೆ ಊದಿಕೊಂಡು ಸಾಯುತ್ತದೆ. ಡಬ್ಬಿಯ ಮೇಲೆ "12-24" ಎಂದಷ್ಟೇ ಇದ್ದರೆ ಅದು ಸಾಲದು ಎಂಬುದು ನನ್ನ ಅಭಿಪ್ರಾಯ. 10ರಿಂದ 30, ಅಥವಾ 9ರಿಂದ 36 ವೋಲ್ಟ್ ಎಂದು ತಾಳಿಕೆಯ ಮಿತಿಯನ್ನು ಬಾಯಿಬಿಟ್ಟು ಹೇಳಿರುವುದನ್ನೇ ಕೊಳ್ಳಬೇಕು.

ಹಾಗೆ ಹೇಳಲು ಇನ್ನೂ ದೊಡ್ಡ ಕಾರಣವಿದೆ. ಡೈನಮೋ ಜೋರಾಗಿ ಚಾರ್ಜ್ ಮಾಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಸಡಿಲವಾಗಿ, ರಸ್ತೆಯ ಗುಂಡಿಗೆ ಕಳಚಿಕೊಂಡಿತು ಅನ್ನಿ. ಅಷ್ಟು ಹೊತ್ತೂ ಕರೆಂಟನ್ನು ನುಂಗುತ್ತಿದ್ದ ಬ್ಯಾಟರಿ ಇಲ್ಲವಾಯಿತು. ಆದರೆ ಡೈನಮೋದೊಳಗಿನ ಅಯಸ್ಕಾಂತ ಶಕ್ತಿ ಆ ಕ್ಷಣಕ್ಕೇ ಇಳಿಯಲಾರದು, ಅದು ಇಳಿಯುವ ತನಕ ವೋಲ್ಟೇಜ್ ಒಮ್ಮೆಲೇ ಮೇಲೇಳುತ್ತದೆ. ಎಂಜಿನಿಯರುಗಳು ಇದನ್ನು ಲೋಡ್ ಡಂಪ್ ಎನ್ನುತ್ತಾರೆ. ವಾಹನದ ವಿದ್ಯುತ್ ಸಾಧನಗಳನ್ನು ಪರೀಕ್ಷಿಸುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 16750-2, ತಡೆ ಇಲ್ಲದ ಡೈನಮೋ ಇರುವ 24 ವೋಲ್ಟಿನ ವಾಹನಕ್ಕೆ ಈ ಏಟನ್ನು 151ರಿಂದ 202 ವೋಲ್ಟ್ ಎಂದು ಲೆಕ್ಕ ಹಿಡಿಯುತ್ತದೆ. 12 ವೋಲ್ಟಿನ ವಾಹನಕ್ಕೆ ಅದು 79ರಿಂದ 101. ಇರುವುದು ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಮೂರನೇ ಒಂದು ಭಾಗದಷ್ಟು ಹೊತ್ತು. ಎಲೆಕ್ಟ್ರಾನಿಕ್ ಚಿಪ್ಪಿನ ಲೆಕ್ಕದಲ್ಲಿ ಅದೊಂದು ಯುಗ. ಅಗ್ಗದ ಚಾರ್ಜರುಗಳಲ್ಲಿ ಸಾಮಾನ್ಯವಾಗಿ ಕಾಣುವ ಚಿಪ್ಪುಗಳ ಮಿತಿ 40 ವೋಲ್ಟ್.

ಹೊಸ ಡೈನಮೋಗಳ ಒಳಗೇ ಈ ಏಟನ್ನು ಕತ್ತರಿಸುವ ಡಯೋಡುಗಳಿರುವುದರಿಂದ ಅಷ್ಟು ಎತ್ತರಕ್ಕೆ ಅದು ಹೋಗುವುದಿಲ್ಲ. ಒಳ್ಳೆಯ ಚಾರ್ಜರಿನ ಬಾಗಿಲಲ್ಲೂ ಮಿತಿ ಮೀರಿದ ವೋಲ್ಟೇಜನ್ನು ತನ್ನ ಮೈಮೇಲೆ ಎಳೆದುಕೊಳ್ಳುವ ಡಯೋಡ್ ಇರುತ್ತದೆ. ಹಾಗಿದ್ದೂ ರಸ್ತೆಯಲ್ಲಿ ಹಳೆಯ ಲಾರಿಗಳು ಬೇಕಾದಷ್ಟಿವೆ, ರಿವೈಂಡ್ ಮಾಡಿದ ಡೈನಮೋಗಳೂ ಇವೆ. ಟರ್ಮಿನಲ್ ಬಿಗಿಯಾಗಿ, ತುಕ್ಕಿಲ್ಲದೆ ಇರುವುದೇ ಫೋನಿಗೆ ಸಿಗುವ ಮೊದಲ ರಕ್ಷಣೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಬಿಚ್ಚಿ "ಡೈನಮೋ ಕೆಲಸ ಮಾಡ್ತಿದೆಯಾ ನೋಡೋಣ" ಎನ್ನುವ ಹಳೆಯ ಪರೀಕ್ಷೆಯನ್ನು ಮಾತ್ರ ಯಾರೂ ಮಾಡಬಾರದು. ಅದು ಬೇಕೆಂದೇ ಲೋಡ್ ಡಂಪನ್ನು ಕರೆದಂತೆ. ಬಾಡಿಗೆ ವೆಲ್ಡಿಂಗ್ ಮಾಡಿಸುವಾಗ ಎಂಜಿನ್ ನಿಲ್ಲಿಸಿ ಬ್ಯಾಟರಿ ಕಳಚುವುದು, ಚಾರ್ಜರನ್ನು ಸಾಕೆಟ್ಟಿನಿಂದ ಕೀಳುವುದು ಒಳ್ಳೆಯ ಅಭ್ಯಾಸ.

ಚಾರ್ಜರ್ ಸರಿಯಿದ್ದೂ ಡ್ರೈವರುಗಳು ಹೇಳುವ ಇನ್ನೊಂದು ದೂರಿದೆ: "ಚಾರ್ಜಿಗೆ ಹಾಕೇ ಇದೀನಿ, ಆದ್ರೂ ಪರ್ಸೆಂಟ್ ಇಳೀತಾನೇ ಇದೆ." ಇದರ ತಪ್ಪು ಬಹಳ ಸಲ ವೈರಿನದು. ಸಾಕೆಟ್ ಎಲ್ಲೋ ದೂರದಲ್ಲಿದೆ ಎಂದು ಎರಡು ಮೀಟರಿನ ತೆಳು ಯುಎಸ್‌ಬಿ ವೈರು ತರುತ್ತಾರೆ. ಕರೆಂಟು ಹೋಗಿ ಬರಬೇಕಾದ್ದರಿಂದ ಅದು ನಾಲ್ಕು ಮೀಟರ್. ಕೂದಲೆಳೆಯಂಥ ತಾಮ್ರದಲ್ಲಿ ಒಂದೂವರೆ ಆಂಪಿಯರ್ ಹರಿದರೆ ಒಂದೂಕಾಲು ವೋಲ್ಟಿನಷ್ಟು ದಾರಿಯಲ್ಲೇ ಕಳೆದುಹೋಗುತ್ತದೆ. 5 ವೋಲ್ಟಿನಲ್ಲಿ ಒಂದೂಕಾಲು ಹೋದರೆ ಉಳಿಯುವುದು ಫೋನಿಗೆ ಸಾಲದು. ಅದು ತಾನಾಗಿ ಕರೆಂಟು ಕಡಿಮೆ ಮಾಡಿಕೊಳ್ಳುತ್ತದೆ. ಅದೇ ದೂರವನ್ನು 24 ವೋಲ್ಟಿನಲ್ಲಿ, ಒಂದು ಚದರ ಮಿಲಿಮೀಟರಿನ ಸಾಧಾರಣ ವೈರಿನಲ್ಲಿ ಕ್ರಮಿಸಿದರೆ ಹೋಗುವುದು ಒಂದು ವೋಲ್ಟಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಆದ್ದರಿಂದ 24 ವೋಲ್ಟನ್ನೇ ಫೋನಿನ ಹತ್ತಿರದ ತನಕ ತಂದು, ಅಲ್ಲಿ ಇಳಿಸಿ, ಗಿಡ್ಡ ವೈರಿನಲ್ಲಿ ಕೊಡಬೇಕು. ಊರಿಗೆ ಕರೆಂಟು ತರುವ ಹೈಟೆನ್ಷನ್ ಲೈನಿನ ಲೆಕ್ಕವೂ ಇದೇ.

ತನ್ನ ತಾಕತ್ತನ್ನು ಫೋನಿಗೆ ಸರಿಯಾಗಿ ತಿಳಿಸದ ಚಾರ್ಜರುಗಳೂ ಇವೆ. ಆಗ ಫೋನು ಅದನ್ನು ಕಂಪ್ಯೂಟರಿನ ಯುಎಸ್‌ಬಿ ಎಂದು ತಿಳಿದು ಅರ್ಧ ಆಂಪಿಯರಿಗೇ ನಿಲ್ಲುತ್ತದೆ. ಎರಡೂವರೆ ವ್ಯಾಟ್ ಬರುತ್ತದೆ, ನಕ್ಷೆಗೆ ನಾಲ್ಕೈದು ವ್ಯಾಟ್ ಖರ್ಚಾಗುತ್ತದೆ. ಬಿಸಿಲು ಇನ್ನೊಂದು ಶತ್ರು. ಗಾಜಿನ ಹಿಂದೆ ನೇರ ಬಿಸಿಲಿಗಿಟ್ಟ ಫೋನು ಕಾದು ತನ್ನನ್ನು ಕಾಪಾಡಿಕೊಳ್ಳಲು ಚಾರ್ಜನ್ನೇ ನಿಲ್ಲಿಸುತ್ತದೆ. ಬಳ್ಳಾರಿ, ರಾಯಚೂರಿನ ಮೇ ತಿಂಗಳಲ್ಲಿ ಯಾವ ಚಾರ್ಜರ್ ಬದಲಿಸಿದರೂ ಪ್ರಯೋಜನವಿಲ್ಲ, ಸ್ಟ್ಯಾಂಡನ್ನು ಎಸಿ ಅಥವಾ ಫ್ಯಾನಿನ ಗಾಳಿಗೆ ಸರಿಸಬೇಕು.

ನಕ್ಷೆ ಎಲ್ಲೆಲ್ಲೋ ಜಿಗಿಯುವುದಕ್ಕೂ ಕೆಲವೊಮ್ಮೆ ಚಾರ್ಜರೇ ಕಾರಣ ಎಂದರೆ ಹೆಚ್ಚಿನವರು ನಂಬುವುದಿಲ್ಲ. ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಮೇಲಿವೆ. 1575.42 ಮೆಗಾಹರ್ಟ್ಸ್‌ನಲ್ಲಿ ಅವು ಕಳಿಸುವ ಸಂಕೇತ ನಮ್ಮ ಕ್ಯಾಬಿನ್ನಿಗೆ ಬರುವ ಹೊತ್ತಿಗೆ ಎಷ್ಟು ಕ್ಷೀಣವಾಗಿರುತ್ತದೆಂದರೆ, ಹಿನ್ನೆಲೆಯ ರೇಡಿಯೊ ಗದ್ದಲದೊಳಗೆ ಮುಳುಗಿದ್ದನ್ನು ರಿಸೀವರ್ ಲೆಕ್ಕ ಹಾಕಿ ಹೆಕ್ಕಬೇಕು. ಪಕ್ಕದಲ್ಲೇ ಲಕ್ಷಾಂತರ ಸಲ ಕರೆಂಟು ಕತ್ತರಿಸುವ, ಕವಚವಿಲ್ಲದ ಚಾರ್ಜರ್ ಇದ್ದರೆ ಅದರ ಗದ್ದಲವೂ ಸೇರಿಕೊಳ್ಳುತ್ತದೆ. ಚಾರ್ಜರ್ ಕಿತ್ತ ಕೂಡಲೇ ಎಫ್‌ಎಂ ರೇಡಿಯೊದ ಗೊರಗೊರ ನಿಂತು ನಕ್ಷೆಯೂ ಸರಿಹೋದರೆ ಕಳ್ಳ ಸಿಕ್ಕಿದಂತೆ. ಶಿರಾಡಿಯ ಕಾಡಿನಲ್ಲಿ ಮಾತ್ರ ತಪ್ಪುತ್ತದೆ, ಬಯಲಿನಲ್ಲಿ ಸರಿಯಿರುತ್ತದೆ ಎಂದರೆ ಚಾರ್ಜರನ್ನು ದೂರಬೇಡಿ, ಅದು ಬೆಟ್ಟದ, ಮರಗಳ ಮರೆ.

ಇನ್ನು ಫ್ಯೂಸು. ಇದರ ಬಗ್ಗೆ ನನಗೆ ಕಾಳಜಿ ಹೆಚ್ಚು, ಯಾಕೆಂದರೆ ಉಳಿದೆಲ್ಲ ತಪ್ಪುಗಳಿಂದ ಹೋಗುವುದು ದುಡ್ಡು, ಇದರಿಂದ ಜೀವ ಹೋಗಬಹುದು. ಲಾರಿಯ ಬ್ಯಾಟರಿ ಶಾರ್ಟ್ ಆದರೆ ಸಾವಿರ ಆಂಪಿಯರಿನ ಹತ್ತಿರದ ಕರೆಂಟನ್ನೂ ಕೊಡಬಲ್ಲದು. ಕ್ಯಾಬಿನ್ನಿನ ತಗಡಿಗೆ ಉಜ್ಜಿ ಉಜ್ಜಿ ವೈರಿನ ಸಿಪ್ಪೆ ಹರಿದರೆ ತೆಳು ವೈರು ಕೆಲವೇ ಸೆಕೆಂಡಿನಲ್ಲಿ ಕೆಂಪಗಾಗುತ್ತದೆ. ಆ ವೈರಿನ ಮೇಲೇ ಡ್ರೈವರಿನ ಹಾಸಿಗೆ ಇರುತ್ತದೆ, ಅವನು ರಾತ್ರಿ ಅಲ್ಲೇ ಮಲಗುತ್ತಾನೆ. ಫ್ಯೂಸು ಕಾಯುವುದು ವೈರನ್ನು. ಹಾಗಾಗಿ ಅದು ಇರಬೇಕಾದ್ದು ಫೋನಿನ ಬಳಿಯಲ್ಲಲ್ಲ, ವೈರು ಹುಟ್ಟುವ ಜಾಗದಲ್ಲಿ. ಬ್ಯಾಟರಿಯಿಂದ ನೇರ ಎಳೆದರೆ ಬ್ಯಾಟರಿಯ ಪಕ್ಕದಲ್ಲೇ, 3 ಅಥವಾ 5 ಆಂಪಿಯರಿನದು. ಅದಕ್ಕಿಂತಲೂ ಒಳ್ಳೆಯದು ಲಾರಿಯ ಫ್ಯೂಸ್ ಬಾಕ್ಸಿನಲ್ಲಿ ಖಾಲಿಯಿರುವ ಜಾಗದಿಂದ ತೆಗೆದುಕೊಳ್ಳುವುದು. ಪದೇ ಪದೇ ಫ್ಯೂಸ್ ಹೋಗುತ್ತಿದೆ ಎಂದು ಅದರ ಮೇಲೆ ಸಿಗರೇಟಿನ ಬೆಳ್ಳಿ ಕಾಗದ ಸುತ್ತುವುದು, ತಾಮ್ರದ ಎಳೆ ಕಟ್ಟುವುದು ಕಾವಲುಗಾರನನ್ನು ಕೊಂದಂತೆ. ಪೆಟ್ರೋಲ್, ಡೀಸೆಲ್ ಟ್ಯಾಂಕರುಗಳಲ್ಲಿ ವಿದ್ಯುತ್ತನ್ನು ಪೂರ್ತಿ ಕಡಿಯುವ ಮೇನ್ ಸ್ವಿಚ್ ಇರುತ್ತದೆ. ಅದನ್ನು ತಪ್ಪಿಸಿ ಬ್ಯಾಟರಿಯಿಂದ ಫೋನಿಗೆ ವೈರು ಎಳೆಯುವ ಯೋಚನೆಯನ್ನೇ ಮಾಡಬಾರದು.

ಲೈಟರ್ ಸಾಕೆಟ್ ಎಂಬ ವಸ್ತುವೂ ಈ ಕೆಲಸಕ್ಕೆ ಹುಟ್ಟಿದ್ದಲ್ಲ. ಸಿಗರೇಟು ಹಚ್ಚಲು ಮಾಡಿದ ಕುಳಿಯಲ್ಲಿ ಚಾರ್ಜರ್ ಸ್ಪ್ರಿಂಗಿನ ಹಿಡಿತದಲ್ಲಿ ನಿಂತಿರುತ್ತದೆ. ಲಾರಿಯ ಅಲುಗಾಟಕ್ಕೆ ಅದು ಹೊರಬರುತ್ತ, ಕಿಡಿ ಹಾರಿಸುತ್ತ, ಬಿಸಿಯಾಗುತ್ತ ಇರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ತೂತು ಕೊರೆದು ನಟ್ಟು ಬಿಗಿದು ಕೂರಿಸುವ ಯುಎಸ್‌ಬಿ ಸಾಕೆಟ್ಟುಗಳು ಸಿಗುತ್ತವೆ. ಅಲುಗಾಡುವ ಭಾಗ ಕಡಿಮೆ, ಆದ್ದರಿಂದ ನನ್ನ ಒಲವು ಅವುಗಳ ಕಡೆಗೆ.

ಕೀ ತೆಗೆದ ಮೇಲೂ ಕರೆಂಟು ಇರಬೇಕೋ ಬೇಡವೋ ಎಂಬುದು ಬಳಕೆಯ ಮೇಲೆ ನಿಂತಿದೆ. ರಾತ್ರಿ ಕ್ಯಾಬಿನ್ನಿನಲ್ಲೇ ಮಲಗುವ ಡ್ರೈವರಿಗೆ ಫೋನು ಚಾರ್ಜ್ ಆಗಲೇಬೇಕು, ಬ್ಯಾಟರಿಗೆ ಅದು ಭಾರವೂ ಅಲ್ಲ. ಗಮನಿಸಬೇಕಾದ್ದು ಸದಾ ಎಚ್ಚರವಿರುವ ಟ್ರ್ಯಾಕರುಗಳನ್ನು. 2016ರ ನವೆಂಬರಿನ ಕೇಂದ್ರದ ಅಧಿಸೂಚನೆಯ ನಂತರ ಬಸ್ಸು, ಟ್ಯಾಕ್ಸಿಗಳಿಗೆ ಎಐಎಸ್ 140 ಮಾನದಂಡದ ಟ್ರ್ಯಾಕರ್ ಬಂತು. ಲಾರಿ ಮಾಲೀಕರು ತಮ್ಮ ಅನುಕೂಲಕ್ಕೆ ಬೇರೆ ಬೇರೆ ಟ್ರ್ಯಾಕರುಗಳನ್ನು ಹಾಕಿಸಿದ್ದಾರೆ. 50 ಮಿಲಿಆಂಪಿಯರ್ ಮಾತ್ರ ಎಳೆಯುವ ಟ್ರ್ಯಾಕರ್ ದಿನಕ್ಕೆ 1.2 ಆಂಪಿಯರ್-ಅವರ್ ತೆಗೆಯುತ್ತದೆ. ಬಾಡಿಗೆಯಿಲ್ಲದೆ ಲಾರಿ ಒಂದು ತಿಂಗಳು ನಿಂತರೆ 36, ಅಂದರೆ 100ರ ಬ್ಯಾಟರಿಯಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು. ನಿಂತಾಗ ನಿದ್ದೆಗೆ ಹೋಗುವ ಗುಣ ಅದಕ್ಕಿದೆಯೇ ಎಂದು ಹಾಕಿಸುವ ಮೊದಲೇ ಕೇಳಬೇಕು.

2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ. ಡ್ರೈವರ್ ಕೂರುವ ಜಾಗವೂ ಕೆಲಸದ ಜಾಗ ಎಂದು ತಡವಾಗಿಯಾದರೂ ಒಪ್ಪಿದ ಹೆಜ್ಜೆ ಅದು, ನನಗೆ ಅದರ ಬಗ್ಗೆ ಸಂತೋಷವಿದೆ. ರಸ್ತೆಯಲ್ಲಿ ಈಗಾಗಲೇ ಓಡುತ್ತಿರುವ ಲಾರಿಗಳ ಕ್ಯಾಬಿನ್ನಿಗೆ ಕಾನೂನು ಬರುವ ತನಕ ಕಾಯಬೇಕಾಗಿಲ್ಲ. ಸರಿಯಾದ ಕನ್ವರ್ಟರ್, ಒಂದು ಫ್ಯೂಸು, ನಾಲ್ಕೈದು ಮೀಟರ್ ವೈರಿಗೆ ಕೆಲವು ನೂರು ರೂಪಾಯಿ ಸಾಕು. ಜೋಡಿ ಬ್ಯಾಟರಿಗೆ ಹತ್ತಾರು ಸಾವಿರ ಬೇಕು. ಇದನ್ನು ಡ್ರೈವರ್ ತನ್ನ ಭತ್ಯೆಯಲ್ಲಿ ಉಳಿಸಿ ಮಾಡಿಸಿಕೊಳ್ಳಲಿ ಎಂದು ಬಿಡುವುದರಿಂದಲೇ ಬ್ಯಾಟರಿಗಳ ನಡುವಿಗೆ ವೈರು ಬೀಳುತ್ತದೆ. ಬ್ರೇಕ್ ಲೈಟಿನ ಹಾಗೆ ಇದೂ ಮಾಲೀಕರ ಖರ್ಚಿನಲ್ಲೇ ಆಗಬೇಕಾದ ಕೆಲಸ.

ತಮ್ಮ ಲಾರಿಯಲ್ಲಿ ಏನಾಗಿದೆ ಎಂದು ತಿಳಿಯಲು ಒಂದು ಮಲ್ಟಿಮೀಟರ್ ಇದ್ದರೆ ಸಾಕು. ಎಂಜಿನನ್ನು ಸ್ವಲ್ಪ ಹೊತ್ತು ಓಡಲು ಬಿಟ್ಟು, ಎರಡು ಬ್ಯಾಟರಿಗಳನ್ನು ಬೇರೆ ಬೇರೆಯಾಗಿ ಅಳೆಯಬೇಕು. ಎರಡರಲ್ಲೂ 14ರ ಆಸುಪಾಸು ಬಂದರೆ ಜೋಡಿ ಸರಿಯಿದೆ. ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ, ಎರಡು ಬ್ಯಾಟರಿಗಳ ನಡುವಿನ ಪಟ್ಟಿಯ ಬೋಲ್ಟಿಗೆ ಸಿಕ್ಕಿಸಿದ ತೆಳು ವೈರು ಇದೆಯೇ ಎಂದು ಮೊದಲು ಅಲ್ಲಿ ಹುಡುಕಬೇಕು.